ಆ ಗೇರ್ ತಿಂದದ್ದು ನನ್ನ ಕೈಯಲ್ಲ

ಮಾವಾ,

ಮೇಲೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. ಸುಳ್ಳು ಬರೆದು ಶುರು ಮಾಡುವುದು ಬೇಡ. ನೀವು ಹೋಗಿ ವರ್ಷದ ಮೇಲಾಯಿತು, ನನ್ನ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎಂದು ಅವ್ವ ಹೇಳುತ್ತಾಳೆ. ನಿಮ್ಮ ತಂಗಿಯಲ್ಲವೇ, ಹೇಳಲೇಬೇಕು. ಆದರೆ ಬದುಕಿದ್ದಾಗ ಸಿಟ್ಟು ಮಾಡೋಣವೆಂದರೆ ನೀವು ನನ್ನೆದುರು ನಿಲ್ಲಲಿಲ್ಲವಲ್ಲ. ಹಾಗಾದರೆ ನಾನು ಯಾವಾಗ ಮಾಡಬೇಕಿತ್ತು?

ಜಮಖಂಡಿಯ ನಿಮ್ಮ ಗ್ಯಾರೇಜಿನಲ್ಲಿ ನಾನು ಮೊದಲ ಸಲ ಪಾನಾ ಹಿಡಿದಾಗ ಎಂಟನೇ ಇಯತ್ತೆಯಲ್ಲಿದ್ದೆ. ಹಿಂದಿನ ವರ್ಷ ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ನಮ್ಮ ಹೊಲಕ್ಕೆ ಬಂದಿತ್ತು, ಆ ವರ್ಷ ಮನೆಯೊಳಗೇ ಬಂತು. ಅಪ್ಪ, ಅವ್ವ ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡಿಗೆ ಹೋದರು. ಅಲ್ಲಿ ಸಾಲೆ ಇನ್ನೂ ಕಟ್ಟಿರಲಿಲ್ಲ, ಹಾಗಾಗಿ ನನ್ನನ್ನು ನಿಮ್ಮ, ಕಸ್ತೂರಿ ಅತ್ತೆಯ ಮನೆಗೆ ಕಳಿಸಿದರು. ಸಾಲೆ ಬಿಟ್ಟಮೇಲೆ ನಾನು ಮನೆಗೆ ಹೋಗದೆ ಗ್ಯಾರೇಜಿಗೆ ಬಂದು ಕೂಡುತ್ತಿದ್ದೆ. ಒಂದು ದಿನ ನೀವು ಜೀಪಿನ ಕೆಳಗಿನಿಂದಲೇ ಕೈ ಚಾಚಿ, "ಸುಜಾತಾ, ಆ ಸಣ್ಣ ಪಾನಾ ಕೊಡ" ಎಂದಿರಿ. ನಾನು ಸರಿಯಾದದ್ದನ್ನೇ ಕೊಟ್ಟೆ. ಮರುದಿನ ಅದೇ ಪಾನಾ ನನ್ನ ಕೈಯಲ್ಲಿತ್ತು, ನಾನು ಬೋಲ್ಟು ಬಿಚ್ಚುತ್ತಿದ್ದೆ. ಗಾಡಿ ಬಿಡಲು ಬಂದವನೊಬ್ಬ ನಕ್ಕು, "ಗುರುಸಿದ್ದಪ್ಪಾ, ಹುಡುಗಿ ಕೈಯಾಗ ಪಾನಾ ಯಾಕ ಕೊಟ್ಟಿ?" ಎಂದು ಕೇಳಿದ. ನೀವು ತಲೆ ಸಹ ಎತ್ತಲಿಲ್ಲ. "ಯಾರ ಕೈ ಅಂತ ಪಾನಾಕ್ಕ ಗೊತ್ತಾಗಂಗಿಲ್ಲ" ಎಂದಿರಿ.

ಆ ಮಾತಿನ ಮೇಲೆ ನಾನು ಹತ್ತು ವರ್ಷ ಬದುಕಿದೆ, ಮಾವಾ. ಡಿಪ್ಲೊಮಾ ಸೇರುವಾಗ ಅಪ್ಪ ಬೇಡವೆಂದ. ನೀವೇ ಅವನೊಂದಿಗೆ ಜಗಳವಾಡಿ, ನೀವೇ ಸರದಿಯಲ್ಲಿ ನಿಂತು ಹೆಸರು ಹಚ್ಚಿಸಿ ಬಂದಿರಿ. ಮೋಟಾರು ವಿಭಾಗದಲ್ಲಿ ನಾನೊಬ್ಬಳೇ ಹುಡುಗಿ. ಅಲ್ಲಿ ಯಾರಾದರೂ ಏನಾದರೂ ಅಂದರೆ ಮನಸ್ಸಿನಲ್ಲೇ ನಿಮ್ಮ ಮಾತು ಹೇಳಿಕೊಳ್ಳುತ್ತಿದ್ದೆ. ಹಾಗೆ ಹೇಳಿದ ಮನುಷ್ಯನೇ ಮುಂದೆ...

ಇರಲಿ, ಅದಕ್ಕೆ ಬರುತ್ತೇನೆ.

ಡಿಸ್ಟ್ರಿಬ್ಯೂಟರ್ ಎಂದರೆ ಏನೆಂದು ನೀವು ಕಲಿಸಿದ ಸಂಜೆ ಇನ್ನೂ ಕಣ್ಣಮುಂದಿದೆ. ಹಳೆಯದೊಂದನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು ಹೇಳಿದಿರಿ: "ನಾಲ್ಕೂ ಸಿಲಿಂಡರಿಗೆ ಕಿಡಿ ಹಂಚಾಂವ ಇಂವ. ಯಾರಿಗೆ ಯಾವಾಗ ಕೊಡಬೇಕು ಅನ್ನೋದು ಇಂವಗ ಬರೋಬ್ಬರಿ ಗೊತ್ತಿರಬೇಕ. ತಡಾ ಮಾಡಿದ್ನೋ, ಎಂಜಿನ್ ಕೆಮ್ಮತೈತಿ. ಕೊಡೋದ ಬಿಟ್ನೋ, ಸತ್ತಹೋಗತೈತಿ." ಆಮೇಲೆ ಅದರ ಬುಡದಲ್ಲಿದ್ದ ಸಣ್ಣ ಗೇರ್ ತೋರಿಸಿದಿರಿ, ಓರೆ ಹಲ್ಲಿನದು. ಎಂಜಿನ್ನಿನೊಳಗೆ ತಿರುಗುವ ಕ್ಯಾಮ್ ಶಾಫ್ಟ್ ಆ ಗೇರನ್ನು ತಿರುಗಿಸುತ್ತದೆ, ಗೇರ್ ಮೇಲಿನ ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತದೆ. ಗೇರ್ ಕೂತಿರುವ ಸರಳಿನ ಕೆಳತುದಿ ಎಣ್ಣೆ ಪಂಪನ್ನೂ ತಿರುಗಿಸುತ್ತದೆ. "ನೋಡಾಕ ಇಷ್ಟ ಐತಿ, ಆದ್ರ ಎರಡ ಕಡೆ ದುಡಿತೈತಿ" ಎಂದಿರಿ. ಇದನ್ನು ನನಗೆ ಕಲಿಸಿದವರು ನೀವೇ. ನೀವು ಕಲಿಸಿದ್ದನ್ನೇ ನಾನು ನಿಮಗೆ ತಿರುಗಿ ಹೇಳಿದಾಗ ನೀವು ಕೇಳಲಿಲ್ಲ. ಯಾಕೆ?

ರಬಕವಿಯ ಡಾಕ್ಟರೊಬ್ಬರ ಹಿತ್ತಿಲಿನಿಂದ ಬೂದುಬಣ್ಣದ ಆ ಹಳೆಯ ಕಾರನ್ನು ನಾವು ಎಳೆದು ತಂದ ದಿನ ನೀವು ಹುಡುಗನ ಹಾಗಿದ್ದಿರಿ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದೆವು, ನೀವು ಸ್ಟೇರಿಂಗ್ ಹಿಡಿದು ಕೂತಿದ್ದಿರಿ. ದಾರಿಯುದ್ದಕ್ಕೂ ನಿಮ್ಮ ಬಾಯಲ್ಲಿ ಒಂದೇ ಮಾತು, "ಇದನ್ನ ಹಾರಸೂಣು." ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಮ್ಮ ಮುಳುಗಿದ ಊರಿನ ಹಳೆಯ ಡಾಂಬರು ರಸ್ತೆ ಮೇಲೇಳುತ್ತದಲ್ಲ, ಅದರ ಮೇಲೆ ಹುಡುಗರು ಗಾಡಿ ಓಡಿಸಿ ಪಂಥ ಕಟ್ಟುತ್ತಿದ್ದರು. ಮುಧೋಳ, ಮಹಾಲಿಂಗಪುರದಿಂದಲೂ ಬರುತ್ತಿದ್ದರು. ಅಲ್ಲಿ ನಮ್ಮ ಗಾಡಿ ಎಲ್ಲರ ಮುಂದೆ ಓಡಬೇಕೆಂಬುದು ನಿಮ್ಮ ಹಟ. ನನಗೂ ಹಟವಿತ್ತು, ಆದರೆ ಬೇರೆಯದು. ಆ ರಸ್ತೆಯಲ್ಲಿ ನಾನು ಸಾಲೆಗೆ ನಡೆದಿದ್ದೆ. ವರ್ಷವಿಡೀ ನೀರಿನಡಿ ಇರುವ ಆ ರಸ್ತೆಯ ಮೇಲೆ ಒಮ್ಮೆಯಾದರೂ ನಾನು ಕಟ್ಟಿದ್ದು ಏನಾದರೂ ಓಡಲಿ ಎಂದು.

ಎರಡು ವರ್ಷ ಆ ಎಂಜಿನ್ನಿನ ಮೇಲೆ ಕೂತೆವು. ಹೆಡ್ ತಾಸಿದೆವು, ದೊಡ್ಡ ಕಾರ್ಬುರೇಟರ್ ಕೂಡಿಸಿದೆವು, ಕೊಲ್ಹಾಪುರದಿಂದ ಬೇರೆ ಕ್ಯಾಮ್ ತರಿಸಿದೆವು. ಆಮೇಲೆ ನೀವು ಒಂದು ದೊಡ್ಡ ಎಣ್ಣೆ ಪಂಪು ತಂದಿರಿ, ಜೊತೆಗೆ ಕಾಕಂಬಿಯಂತಹ ದಪ್ಪ ಎಣ್ಣೆ. ನಾನು ಆವತ್ತೇ ಹೇಳಿದೆ.

"ಮಾವಾ, ಈ ಪಂಪ್ ತಿರುಗಸೂದು ಆ ಸಣ್ಣ ಗೇರರೀ. ದಪ್ಪ ಎಣ್ಣಿ ನೂಕಾಕ ಅದಕ್ಕ ಭಾಳ ಜೋರ ಬೀಳತೈತಿ. ಮತ್ತ ಆ ಗೇರಿಗೆ ಎಣ್ಣಿ ಎಲ್ಲಿಂದ ಬರತೈತಿ? ಸಿಡದದ್ದಷ್ಟ. ಹಳೀ ಓಟಕ್ಕ ಅದು ಸಾಕಿತ್ತ. ನಾವ ಇಷ್ಟ ಜೋರ ತಿರುಗಿಸಿದ್ರ ಅದು ಒಣಗೇ ತಿರಗತೈತಿ."

"ಎಣ್ಣಿ ದಪ್ಪ ಇದ್ದಷ್ಟ ಎಂಜಿನ್ ಬಾಳಿಕಿ ಬರತೈತಿ" ಎಂದಿರಿ. "ಮೂವತ್ತ ವರ್ಷ ಮಾಡೇನಿ."

"ಮೂವತ್ತ ವರ್ಷ ನೀವು ಇಷ್ಟ ಜೋರ ಓಡೂ ಎಂಜಿನ್ ಕಟ್ಟಿಲ್ಲಲ್ರಿ."

ನೀವು ನಕ್ಕಿರಿ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು, ವಾದ ಮಾಡಬಹುದಿತ್ತು. ನೀವು ನಕ್ಕು ನನ್ನ ತಲೆ ಮೇಲೆ ಮೊಟಕಿ, "ಗೇರ್ ನೀನ ಕೂಡಸ, ನೋಡೂಣು" ಎಂದಿರಿ. ನಾನೇ ಕೂಡಿಸಿದೆ. ಕಿಡಿಯ ಟೈಮಿಂಗ್ ನಾನೇ ಹಿಡಿದೆ. ನೀವು ಪಕ್ಕದಲ್ಲೇ ನಿಂತು ನೋಡಿ "ಛಲೋ ಆತು" ಎಂದಿರಿ. ಇದನ್ನು ನೆನಪಿಡಿ, ಮಾವಾ. ನೀವೇ ನೋಡಿದಿರಿ, ನೀವೇ ಛಲೋ ಎಂದಿರಿ.

ಆ ಬೇಸಿಗೆಯ ಓಟದ ದಿನ ಬೆಳಗಿನಿಂದಲೇ ಬಿಸಿಗಾಳಿ ಎದ್ದಿತ್ತು. ಬಾಡಗಂಡಿ ಕಡೆಯ ಪ್ರಕಾಶಗೌಡರು ಬಂದಿದ್ದರು. ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರು, ಲಾರಿಗಳ ಮಾಲೀಕರು, ಈ ಓಟಕ್ಕೂ ಅವರೇ ಹಿರಿಯರು. ಅವರು ನನಗೊಂದು ಮಾತು ಕೊಟ್ಟಿದ್ದರು: ಬೀಳಗಿಯಲ್ಲಿ ತಮ್ಮ ಜಾಗದಲ್ಲಿ ವರ್ಕ್‌ಶಾಪ್ ಹಾಕಿಕೊಡುವುದು, ತಮ್ಮ ಎಲ್ಲ ಗಾಡಿಗಳ ಕೆಲಸ ನನಗೇ. "ಇವತ್ತ ನಿನ್ನ ಎಂಜಿನ್ ನೋಡತೇನಿ, ನಾಳೆ ಬಾಗಲಾ ತಗಿಯೂಣು" ಎಂದಿದ್ದರು. ಅದು ನಿಮಗೂ ಗೊತ್ತಿತ್ತು. ಗಾಡಿ ಓಡಿಸುವವನು ನಮ್ಮ ರಫೀಕ, ಬನಹಟ್ಟಿಯವನು, ವಾರವಿಡೀ ಸೀರೆಗಂಟಿನ ವ್ಯಾನು ಓಡಿಸಿ ಭಾನುವಾರ ನಮ್ಮ ಗ್ಯಾರೇಜಿಗೆ ಬರುತ್ತಿದ್ದವನು.

ಮೊದಲನೇ ಓಟ ಗೆದ್ದೆವು. ಎರಡನೆಯದರಲ್ಲಿ ಅರ್ಧ ದಾರಿಗೆ ಎಂಜಿನ್ ಕೆಮ್ಮಿತು. ಕಾರ್ಬುರೇಟರಿನಿಂದ ಪಟಪಟ ಸದ್ದು ಬಂತು. ಆಮೇಲೆ ಸದ್ದೇ ಇಲ್ಲ. ಕಿಡಿ ನಿಂತಿತು, ಪಂಪೂ ನಿಂತಿತು, ಗಾಡಿ ತನ್ನ ಓಟದಲ್ಲೇ ಉರುಳಿಕೊಂಡು ಹೋಗಿ ನಿಂತಿತು. ನಾವು ಓಡಿದೆವು. ನಾನು ಡಿಸ್ಟ್ರಿಬ್ಯೂಟರ್ ಎತ್ತಿದೆ. ಗೇರಿನ ಹಲ್ಲು ಸವೆದು ಕತ್ತಿಯ ಬಾಯಿಯಂತಾಗಿದ್ದವು, ಅರ್ಧ ಉಳಿದೇ ಇರಲಿಲ್ಲ. ಸುತ್ತಲೂ ಜನ. ಪ್ರಕಾಶಗೌಡರು ಮುಂದೆ ಬಾಗಿ ನೋಡಿ, "ಗುರುಸಿದ್ದಪ್ಪಾ, ಏನಾತಪಾ?" ಎಂದು ಕೇಳಿದರು.

ನೀವು ಒಂದು ಕ್ಷಣ ನನ್ನ ಮುಖ ನೋಡಿದಿರಿ. ಎಣ್ಣೆಯ ಬಗ್ಗೆ ನಾನು ಹೇಳಿದ್ದು ನಿಮ್ಮ ಕಣ್ಣಿನಲ್ಲಿ ಬಂದುಹೋದದ್ದನ್ನು ನಾನು ಕಂಡೆ. ಕಂಡೆ, ಮಾವಾ, ಅಲ್ಲವೆನ್ನಬೇಡಿ. ಆಮೇಲೆ ನೀವು ಗೌಡರ ಕಡೆ ತಿರುಗಿ ಹೇಳಿದಿರಿ:

"ಗೇರ್ ಕೂಡಿಸಿದಾಕಿ ಆಕಿ. ಹೆಣ್ಣಮಕ್ಕಳ ಕೈಯಾಗ ಎಂಜಿನ್ ಕೊಟ್ಟದ್ದು ನನ್ನ ತಪ್ಪು."

ಜನ ನಕ್ಕರು. ದೊಡ್ಡದಾಗೇನೂ ಅಲ್ಲ. ನಿಟ್ಟುಸಿರು ಬಿಟ್ಟ ಹಾಗೆ, ಎಲ್ಲ ಸರಿಹೋಯಿತು ಎನ್ನುವ ಹಾಗೆ ನಕ್ಕರು. ಇಷ್ಟು ದಿನ ಅವರಿಗೆ ಹೇಳಲಾಗದ ಮಾತನ್ನು ಕೊನೆಗೆ ನೀವೇ ಹೇಳಿಕೊಟ್ಟಿರಿ. ರಫೀಕ ಮಾತ್ರ ನಗಲಿಲ್ಲ. "ಚಾಚಾ, ಹಂಗ್ಯಾಕ ಅಂತೀರಿ" ಎಂದ. ನೀವು ಅವನನ್ನು ಸುಮ್ಮನಿರಿಸಿದಿರಿ. ಪಾನಾಕ್ಕೆ ಗೊತ್ತಾಗುವುದಿಲ್ಲ ಎಂದಿದ್ದವರಿಗೆ ಆವತ್ತು ಯಾರು ಹೇಳಿಕೊಟ್ಟರು? ನಿಮ್ಮ ಹೆಸರು ಉಳಿಸಿಕೊಳ್ಳಲು ಏನಾದರೂ ಬೇಕಿತ್ತು. ಸಾಮಾನಿನ ಮೇಲೆ ಹಾಕಬಹುದಿತ್ತು, ಬಿಸಿಲಿನ ಮೇಲೆ ಹಾಕಬಹುದಿತ್ತು. ಕೈಗೆ ಸಿಕ್ಕಿದ್ದು ನಾನು.

ಒಂದು ವಾರದ ನಂತರ ನಾನು ಪ್ರಕಾಶಗೌಡರ ಮನೆಗೆ ಹೋದೆ. ಚಹಾ ಕೊಟ್ಟರು, ಮಾತು ಚೆನ್ನಾಗಿಯೇ ಆಡಿದರು. "ನಾ ಏನ ಮಾಡ್ಲೆವಾ? ಸ್ವಂತ ಮಾವನ ಹಂಗಂದ ಮ್ಯಾಲ ನನ್ನ ಡ್ರೈವರಗೋಳು ನಿನ್ನ ಕೈಯಾಗ ಗಾಡಿ ಕೊಡ್ತಾರೇನು?" ಎಂದರು. ಆ ಬಾಗಿಲು ತೆಗೆಯಲೇ ಇಲ್ಲ. ಗ್ಯಾರೇಜಿನಲ್ಲೂ ನಿಮ್ಮ ಮಾತು ಹಬ್ಬಿತ್ತು. ಬಂದವರು ಗಾಡಿ ಬಿಡುವ ಮೊದಲೇ, "ಗುರುಸಿದ್ದಪ್ಪಾ, ನೀನ ಮಾಡಬೇಕ ನೋಡ ಮತ್ತ" ಎನ್ನುತ್ತಿದ್ದರು. ನೀವು ಹೂಂ ಎನ್ನುತ್ತಿದ್ದಿರಿ. ನಾನು ಅಲ್ಲೇ ನಿಂತಿರುತ್ತಿದ್ದೆ. ಒಂದು ತಿಂಗಳು ತಾಳಿಕೊಂಡು ಹೊರಬಿದ್ದೆ. ನೀವು ತಡೆಯಲಿಲ್ಲ.

ಮುಧೋಳದ ತರಬೇತಿ ಸಾಲೆಯಲ್ಲಿ ನನಗೆ ಕಲಿಸುವ ಕೆಲಸ ಸಿಕ್ಕಿತು, ಮರುವರ್ಷ ಅಲ್ಲೇ ಮದುವೆಯಾಯಿತು. ಮದುವೆಗೆ ಕಸ್ತೂರಿ ಅತ್ತೆಯನ್ನು ಕಳಿಸಿ ನೀವು ಬರಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿಸಿದಿರಿ. ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಅಪ್ಪನ ಗೆಳೆಯರೊಬ್ಬರು ನಿಂತರು. ಫೋಟೋದಲ್ಲಿ ಆ ಮನುಷ್ಯ ಇದ್ದಾರೆ, ನನಗೆ ಇವತ್ತಿಗೂ ಅವರ ಹೆಸರು ನೆನಪಾಗುವುದಿಲ್ಲ.

ನೀವು ಹೋದ ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಗ್ಯಾರೇಜಿನಲ್ಲೇ ಎದೆ ಹಿಡಿದುಕೊಂಡು ಕೂತವರು ಆಸ್ಪತ್ರೆ ಮುಟ್ಟಲಿಲ್ಲ ಎಂದು ರಫೀಕ ಫೋನಿನಲ್ಲಿ ಹೇಳಿದ. ಮಣ್ಣಿಗೆ ಬಂದೆ. ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಈ ಮನುಷ್ಯ ನನಗೆ ಒಂದು ಮಾತು ಬಾಕಿ ಇಟ್ಟು ತಪ್ಪಿಸಿಕೊಂಡ ಎನ್ನುವುದೊಂದೇ ತಲೆಯಲ್ಲಿತ್ತು. ಕುಣಿಯ ಹತ್ತಿರ ನಿಂತು ಇಂಥ ವಿಚಾರ ಮಾಡಿದವಳು ನಾನೊಬ್ಬಳೇ ಇರಬೇಕು.

ದಿನದ ಕಾರ್ಯಗಳೆಲ್ಲ ಮುಗಿದಮೇಲೆ ಅತ್ತೆ ನನ್ನನ್ನು ಗ್ಯಾರೇಜಿಗೆ ಕರೆದೊಯ್ದು ಬೂದು ಗಾಡಿಯ ಮೇಲಿನ ತಾಡಪತ್ರಿ ಎಳೆದರು.

"ಇದನ್ನ ನೀ ಒಯ್ಯ" ಎಂದರು.

"ನನಗ ಬ್ಯಾಡ ಅತ್ತಿ. ಇದರ ಗೇರ್ ತಿಂದಾಕಿ ನಾನ ಅಲ್ಲೇನು."

ಅತ್ತೆ ತಾಡಪತ್ರಿಯನ್ನು ಮಡಚುತ್ತ ಮಡಚುತ್ತ ಹೇಳಿದರು: "ನೀ ಹ್ವಾದ ಮ್ಯಾಲ ಅವರೂ ಒಂದ ಹೊಸಾ ಗೇರ್ ಹಾಕಿದ್ರವಾ. ತಾವ ಕೈಯಾರೆ. ಅದೂ ಹಂಗ ಆತು. ಆವತ್ತ ಮನಿಗೆ ಬಂದು ಉಣಲಿಲ್ಲ. ಏನಾತರಿ ಅಂತ ಕೇಳಿದೆ. ಹುಡುಗಿದು ತಪ್ಪ ಇರಲಿಲ್ಲ ಕಸ್ತೂರಿ, ಅಂದ್ರು."

ನಾನು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೆ. "ಯಾವಾಗ?"

"ನೀ ಹೋಗಿ ನಾಕ ತಿಂಗಳಾಗಿತ್ತ."

ನಾಲ್ಕು ತಿಂಗಳು. ಅಂದರೆ ನನ್ನ ಮದುವೆಯ ಹೊತ್ತಿಗೆ ನಿಮಗೆ ಗೊತ್ತಿತ್ತು. ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದಾಗ ಗೊತ್ತಿತ್ತು. ಅದಾದಮೇಲೆ ಎರಡು ದೀಪಾವಳಿ ಬಂದುಹೋದವು, ಆಗಲೂ ಗೊತ್ತಿತ್ತು. ಅಲ್ಲಿಯ ತನಕ ನಿಮಗೆ ತಿಳಿದಿರಲಿಲ್ಲ ಎಂದುಕೊಂಡಿದ್ದೆ, ಮಾವಾ. ತಿಳಿಯದೆ ಅಂದವರನ್ನು ಒಂದಿಲ್ಲೊಂದು ದಿನ ಬಿಟ್ಟುಬಿಡಬಹುದು. ತಿಳಿದೂ ಸುಮ್ಮನೆ ಕೂತವರನ್ನು ಏನು ಮಾಡುವುದು? ಅತ್ತೆಯ ಮೇಲೂ ಸಿಟ್ಟು ಬಂತು. "ನೀವಾದ್ರೂ ಒಂದ ಫೋನ್ ಮಾಡಬಾರದಾಗಿತ್ತೇನ್ರಿ?" ಎಂದೆ. "ಆ ಮಾತ ಅವರ ಬಾಯಿಂದನ ಬರಬೇಕಿತ್ತವಾ. ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ಕುಂತೆ" ಎಂದರು.

ಅದಕ್ಕೇ ಗಾಡಿ ಒಯ್ದೆ. ನಿಮ್ಮ ನೆನಪಿಗೆಂದು ಅಲ್ಲ. ರಫೀಕ ಟ್ರೇಲರಿನಲ್ಲಿ ತಂದು ನಮ್ಮ ಹಿತ್ತಿಲಿನಲ್ಲಿ ಇಳಿಸಿದ. ಅತ್ತೆಯೂ ಕೆಲವು ದಿನ ಇರಲೆಂದು ನನ್ನ ಜೊತೆ ಬಂದರು. ಮೊದಲ ದಿನವೇ ಡಿಸ್ಟ್ರಿಬ್ಯೂಟರ್ ಎತ್ತಿ ನೀವು ಹಾಕಿದ ಗೇರ್ ನೋಡಿದೆ. ಅದೇ ಸವೆತ, ಅದೇ ಕತ್ತಿಬಾಯಿ. ಒಂದು ತಪ್ಪು ಒಬ್ಬರ ಕೈಯಿಂದ ಆಗಬಹುದು. ಬೇರೆ ಬೇರೆ ಕೈಯಲ್ಲಿ ಒಂದೇ ರೀತಿ ಆದರೆ ಅದು ಕೈಯ ತಪ್ಪಲ್ಲ ಎನ್ನಲು ಡಿಪ್ಲೊಮಾ ಬೇಕಾಗಿಲ್ಲ. ನಿಮಗೂ ಬೇಕಾಗಿರಲಿಲ್ಲ.

ನಿಮ್ಮ ದೊಡ್ಡ ಪಂಪು ಕಿತ್ತು ಹಾಕಿ ಮೊದಲಿನದನ್ನೇ ಕೂಡಿಸಿದ ದಿನ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಕಿತ್ತ ಆ ದೊಡ್ಡದನ್ನು ಗೋಡೆಗೆ ಒಗೆದೆ. ಹೌದು, ಒಗೆದೆ. ಗೋಡೆಯ ಗಿಲಾವು ಕಿತ್ತುಬಂತು, ನಮ್ಮವರು ಹೊರಗೆ ಬಂದು ನೋಡಿ ಒಳಗೆ ಹೋದರು. ತೆಳುವಾದ ಎಣ್ಣೆ ಹಾಕಿದೆ. ಕ್ಯಾಮಿನ ಲೋಹಕ್ಕೆ ಒಗ್ಗುವ ಹೊಸ ಗೇರ್ ತರಿಸಿದೆ. ಹಲ್ಲಿಗೆ ಬಣ್ಣ ಸವರಿ ಎಂಜಿನ್ ಓಡಿಸಿ ಮತ್ತೆ ಬಿಚ್ಚಿ ನೋಡಿದೆ. ಸವೆತ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಹಲ್ಲು ಹಲ್ಲಿಗೆ ಕೂಡುವ ಜಾಗ ಇನ್ನೂ ಒಣಗಿಯೇ ಇತ್ತು. ಭಾರ ಇಳಿಸಿದ್ದೆ, ಎಣ್ಣೆ ಮುಟ್ಟಿಸಿರಲಿಲ್ಲ.

ಡಿಸ್ಟ್ರಿಬ್ಯೂಟರಿನ ಕೊರಳು ಬ್ಲಾಕಿನೊಳಗೆ ಕೂಡುವ ಜಾಗವನ್ನು ಬೆರಳಿನಿಂದ ತಡವುತ್ತಿದ್ದಾಗ ದಾರಿ ಕಂಡಿತು. ಎಣ್ಣೆಯ ದೊಡ್ಡ ಹಾದಿ ಆ ಕೊರಳಿಗೆ ಹತ್ತಿಕೊಂಡೇ ಹೋಗುತ್ತದೆ. ಒಳಗೆ ಒತ್ತಡದಲ್ಲಿ ಎಣ್ಣೆ ಹರಿಯುತ್ತಿದೆ, ಅದರ ಕೆಳಗೆ ಗೇರ್ ಒಣಗಿ ತಿರುಗುತ್ತಿದೆ, ನಡುವೆ ಕೊರಳಿನ ಒಂದು ಪಟ್ಟಿ ಮಾತ್ರ ಅಡ್ಡ. ಆ ಪಟ್ಟಿಯಲ್ಲಿ ಒಂದು ಸಣ್ಣ ಗೀರು ಹಾಕಿದರೆ ಎಣ್ಣೆ ತಾನೇ ಕೆಳಗೆ ಚಿಮ್ಮಿ ಹಲ್ಲು ಕೂಡುವಲ್ಲಿಗೆ ಬೀಳುತ್ತದೆ. ಇಷ್ಟೇ. ಇಷ್ಟಕ್ಕೆ ನೀವು ಮತ್ತು ನಾನು...

ಇಷ್ಟೇ ಎಂದೆನಾದರೂ ಒಂದೇ ಸಲಕ್ಕೆ ಆಗಲಿಲ್ಲ. ಮೊದಲ ಗೀರು ಅಗಲವಾಯಿತು. ಎಂಜಿನ್ ಬಿಸಿಯಾದಮೇಲೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಕೆಳಗಿಳಿಯಿತು. ಗೇರಿಗೆ ಕೊಡಲು ಹೋಗಿ ಬೇರಿಂಗಿನ ಪಾಲು ಕಸಿದಿದ್ದೆ. ಇನ್ನೊಂದು ಡಿಸ್ಟ್ರಿಬ್ಯೂಟರಿಗಾಗಿ ಮಹಾಲಿಂಗಪುರದ ಗುಜರಿಯೆಲ್ಲ ತಿರುಗಿದೆ. ಸಿಕ್ಕಿದ ಮೇಲೆ ಮೂರು ಮೂಲೆಯ ಸಣ್ಣ ಅರದಿಂದ ಕೂದಲೆಳೆಯಷ್ಟೇ ತಾಸಿದೆ. ಗಾಡಿ ಓಡುವಾಗ ಡಿಸ್ಟ್ರಿಬ್ಯೂಟರ್ ಯಾವ ದಿಕ್ಕಿಗೆ ನಿಲ್ಲುತ್ತದೆಯೋ ಆ ಲೆಕ್ಕದಲ್ಲಿ ಗೀರು ಹಲ್ಲಿನ ಕಡೆಗೇ ಮುಖ ಮಾಡಬೇಕು, ಸ್ವಲ್ಪ ಆಚೆ ಈಚೆಯಾದರೂ ಎಣ್ಣೆ ಗೋಡೆಗೆ ಬೀಳುತ್ತದೆ. ಎಂಜಿನ್ ಓಡಿಸದೆಯೇ ನೋಡಲೆಂದು, ಕೆಟ್ಟುಹೋದ ಹಳೆಯದರ ಗೇರ್ ಕಿತ್ತು, ಅದರ ಅಗಲ ಗೀರು ಮುಚ್ಚಿ ಅಲ್ಲೇ ಅದೇ ಸಣ್ಣ ಗೀರು ಹಾಕಿ, ಕೂಡಿಸಿ, ಡ್ರಿಲ್ ಹಚ್ಚಿ ಪಂಪು ತಿರುಗಿಸಿದೆ. ಕ್ಯಾಮಿನ ಓರೆ ಹಲ್ಲು ಕಾಣಲೆಂದು ಪಕ್ಕದ ಮುಚ್ಚಳ ತೆಗೆದಿದ್ದೆ. ಟಾರ್ಚು ಹಿಡಿದವರು ಯಾರು ಗೊತ್ತೇ? ಅತ್ತೆ. ನಿಮ್ಮ ಇಷ್ಟು ವರ್ಷದ ಸಂಸಾರದಲ್ಲಿ ಒಂದು ದಿನವೂ ಎಂಜಿನ್ನಿನೊಳಗೆ ಇಣುಕಿ ನೋಡು ಎಂದು ನೀವು ಹೇಳದಿದ್ದ ಹೆಂಗಸು.

"ಅತ್ತಿ, ಏನ ಕಾಣಸತೈತಿ?"

"ಕತ್ತಲ ಐತಿ. ತಡಿ. ಎಣ್ಣಿ ಬಂತ ನೋಡ. ದಾರದ ಎಳಿ ಬಂದಂಗ ಬರಾಕತ್ತೈತಿ."

"ಎಲ್ಲಿ ಬೀಳತೈತಿ?"

ಅತ್ತೆ ತಲೆಯನ್ನು ಇನ್ನಷ್ಟು ಒಳಗೆ ಬಗ್ಗಿಸಿದರು. ಸೆರಗಿಗೆ ಗ್ರೀಸು ಹತ್ತಿತು. "ಓರಿ ಹಲ್ಲ ಅದಾವಲ್ಲ, ಬರೋಬ್ಬರಿ ಅವುಗಳ ಮ್ಯಾಲ" ಎಂದರು.

ನಾನು ಡ್ರಿಲ್ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಗ ಅಳು ಬಂತು, ಮಾವಾ. ಮಣ್ಣಿನಲ್ಲಿ ಬರದದ್ದು ಆಗ ಬಂತು. ಸಿಟ್ಟಿನ ಅಳು. ಇದನ್ನು ನಿಮ್ಮ ಗ್ಯಾರೇಜಿನಲ್ಲಿ, ನಿಮ್ಮ ಜೊತೆ ಕೂತು ಮಾಡಬಹುದಿತ್ತು. ಅಗಲವಾದ ಮೊದಲ ಗೀರು ನೋಡಿ ನೀವು ನನ್ನನ್ನು ಬೈಯಬಹುದಿತ್ತು. ಅತ್ತೆ ಹಿಡಿದ ಟಾರ್ಚನ್ನು ಕಸಿದು, "ಸರಿ ಅತ್ತಾಗ, ನನಗ ತೋರಸ" ಎಂದು ನೀವೇ ಬಗ್ಗಿ ನೋಡಬಹುದಿತ್ತು. ಅದೆಲ್ಲವನ್ನೂ ನೀವು ಒಂದು ಮಾತಿಗೆ ಕೊಟ್ಟುಬಿಟ್ಟಿರಿ. ನಿಮಗೇನು ಸಿಕ್ಕಿತು?

ಈ ಬೇಸಿಗೆ ನೀರು ಇಳಿದು ರಸ್ತೆ ಎದ್ದಾಗ ನಾನು, ರಫೀಕ, ಅತ್ತೆ ಮೂವರೂ ಹೋದೆವು. ಅತ್ತೆ ಬರುವುದು ಬೇಡವೆಂದೆ, ಬಿಸಿಲು ಎಂದೆ. "ನಾ ಬರತೇನಿ" ಎಂದಷ್ಟೇ ಹೇಳಿ ಹಿಂದಿನ ಸೀಟಿನಲ್ಲಿ ಕೂತರು. ಪ್ರಕಾಶಗೌಡರು ಇದ್ದರು, ಆವತ್ತು ನಕ್ಕವರಲ್ಲಿ ಬಹಳ ಜನ ಇದ್ದರು. ಬೂದು ಗಾಡಿ ನೋಡಿ ಒಬ್ಬ, "ಮತ್ತ ತಂದಾಳ ನೋಡಪಾ" ಎಂದದ್ದು ಕೇಳಿಸಿತು. ರಫೀಕ ನನ್ನ ಕಡೆ ನೋಡಿದ. "ಅಕ್ಕಾ, ಎಷ್ಟ ಒತ್ತಲಿ?" ಎಂದ. "ನಿನ್ನ ಕಾಲಾಗ ಎಷ್ಟ ತಾಕತ್ತ ಐತಿ ಅಷ್ಟ" ಎಂದೆ.

ಗಾಡಿ ಬೀಳಗಿ ಕಡೆ ಮುಖ ಮಾಡಿ ಹೊರಟಿತು. ಹಿಂದೆ ನಮ್ಮ ಊರಿನ ಅಗಸಿ ಬಾಗಿಲು ಇದ್ದ ಜಾಗ, ಈಗ ಬರೀ ಕಲ್ಲು. ನಾನು ಗಾಡಿ ನೋಡಲಿಲ್ಲ, ಕಣ್ಣು ಮುಚ್ಚಿ ಸದ್ದು ಕೇಳಿದೆ. ಕೆಮ್ಮಲಿಲ್ಲ. ಮೊದಲ ಓಟ, ಎರಡನೇ ಓಟ, ಸಂಜೆಯ ಕೊನೆಯ ಓಟ. ಒಮ್ಮೆಯೂ ಕೆಮ್ಮಲಿಲ್ಲ. ಕೊನೆಯದರಲ್ಲಿ ಇಂಡಿ ತಾಲೂಕಿನ ಒಂದು ಗಾಡಿ ನಮ್ಮನ್ನು ಹಿಂದೆ ಹಾಕಿತು, ನಾವು ಎರಡನೆಯವರಾದೆವು. ಗೆಲ್ಲಲಿಲ್ಲ. ಅದನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ, ನೋಡಿ. ಆದರೆ ಎಲ್ಲರೂ ನೋಡುತ್ತಿರುವಾಗಲೇ ಡಿಸ್ಟ್ರಿಬ್ಯೂಟರ್ ಎತ್ತಿ ಅರಿವೆಯಿಂದ ಒರೆಸಿ ಬಾನೆಟ್ಟಿನ ಮೇಲೆ ಇಟ್ಟೆ. ಹಲ್ಲು ಹಾಗೇ ಇದ್ದವು, ಎಣ್ಣೆ ಹತ್ತಿ ಹೊಳೆಯುತ್ತಿದ್ದವು. ಪ್ರಕಾಶಗೌಡರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಅಂದರು:

"ಏನ ಅನ್ರಿ, ಗುರುಸಿದ್ದಪ್ಪನ ಎಂಜಿನ್ ಅಂದ್ರ ಗುರುಸಿದ್ದಪ್ಪನ ಎಂಜಿನ್ ನೋಡ್ರಿ."

ಸತ್ತಮೇಲೂ ನೀವು ನನ್ನದನ್ನು ಕಸಿದುಕೊಂಡಿರಿ. ನಾನು ಡಿಸ್ಟ್ರಿಬ್ಯೂಟರ್ ಎತ್ತಿಕೊಂಡು ಮತ್ತೆ ಕೂಡಿಸಲು ಹೊರಟಿದ್ದೆ. ಅಷ್ಟರಲ್ಲಿ ಹಿಂದಿನ ಬಾಗಿಲು ತೆಗೆದ ಸದ್ದಾಯಿತು. ಓಟ ಮುಗಿದಮೇಲೆ ನೆರಳಿಗೆಂದು ಮತ್ತೆ ಒಳಗೆ ಹೋಗಿ ಕೂತಿದ್ದ ಅತ್ತೆ ಇಳಿದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಗೌಡರೆದುರು ಬಂದು ನಿಂತರು.

"ಗೌಡ್ರ, ಗಾಡಿ ಅವರದು ಖರೆ. ಎಂಜಿನ್ ಈಕಿದು. ಆವತ್ತ ಇಲ್ಲೆ ನಿಂತು ಅವರು ಈಕಿ ಕೈಮ್ಯಾಲೆ ತಪ್ಪ ಹಾಕಿದ್ರು. ಆಮ್ಯಾಲ ತಾವ ಗೇರ್ ಹಾಕಿ ನೋಡಿದ್ರು, ಅವರ ಕೈಯಾಗೂ ಉಳೀಲಿಲ್ಲ. ಹುಡುಗಿದು ತಪ್ಪ ಇರಲಿಲ್ಲ ಅಂತ ನನ್ನ ಮುಂದ ಹೇಳಿದ್ರು. ನಿಮ್ಮೆಲ್ಲಾರ ಮುಂದ ಹೇಳಾಕ ಅವರಿಗೆ ಆಗಲಿಲ್ಲ. ಅದಕ್ಕ ನಾ ಹೇಳಾಕ ಬಂದೇನಿ."

ಗೌಡರು ಕನ್ನಡಕ ತೆಗೆದು ಒರೆಸಿದರು. "ಹಂಗಾದ್ರ ತಪ್ಪ ನಮ್ಮದೂ ಐತ್ರಿ ಯವ್ವಾ" ಎಂದು ಮೆಲ್ಲಗೆ ಹೇಳಿ ನನ್ನ ಕಡೆ ತಿರುಗಿ, "ಆ ಜಾಗಾ ಇನ್ನೂ ಖಾಲಿನ ಐತಿ ತಂಗಿ" ಎಂದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ವಿಚಾರ ಮಾಡುತ್ತೇನೆ ಎಂದೆ. ಇಷ್ಟು ವರ್ಷ ಅವರು ವಿಚಾರ ಮಾಡಿದರು, ಈಗ ಸ್ವಲ್ಪ ದಿನ ನಾನು ಮಾಡುತ್ತೇನೆ.

ಮರಳಿ ಬರುವಾಗ ಅತ್ತೆ ಮುಂದಿನ ಸೀಟಿಗೆ ಬಂದರು, ರಫೀಕ ಹಿಂದೆ ಮಲಗಿದ್ದ, ನಾನು ಓಡಿಸುತ್ತಿದ್ದೆ. ಲೋಕಾಪುರ ದಾಟಿದೆವು. ಆಮೇಲೆ ಅತ್ತೆ ರಸ್ತೆ ನೋಡುತ್ತಲೇ, "ಇನ್ನೊಂದ ಮಾತ ಐತಿ. ಹೇಳಿದ್ರ ನಿನ್ನ ಸಿಟ್ಟ ಹೆಚ್ಚಾಗತೈತಿ ಅಂತ ಬಿಟ್ಟಿದ್ದೆ" ಎಂದರು.

"ಇದಕ್ಕಿಂತ ಎಲ್ಲಿ ಹೆಚ್ಚಾಗತೈತ್ರಿ, ಹೇಳ್ರಿ."

"ನಿನ್ನ ಕಡೆ ಬರಾಕಂತ ಎರಡ ಸಲ ಮುಧೋಳ ಬಸ್ಸ ಹತ್ತಿದ್ರವಾ ಅವರು. ಒಗದ ಅಂಗಿ ಹಾಕ್ಕೊಂಡು, ಹಣ್ಣ ತಗೊಂಡು. ಬಸ್‌ಸ್ಟ್ಯಾಂಡಿನಾಗ ಇಳದು, ಚಾ ಕುಡದು, ಅಲ್ಲೇ ಕಟ್ಟಿ ಮ್ಯಾಲ ಕುಂತು, ಮುಂದಿನ ಬಸ್ಸಿಗೆ ಹೊಳ್ಳಿ ಬಂದ್ರು. ಯಾಕರಿ ಅಂದ್ರ, ಮನಿ ಎಲ್ಲೈತಿ ಗೊತ್ತಾಗಲಿಲ್ಲ ಅಂದ್ರು. ಎರಡೂ ಸಲ ಹಂಗ ಅಂದ್ರು."

ನಾನು ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿದೆ.

ಮುಧೋಳ ಬಸ್‌ಸ್ಟ್ಯಾಂಡಿನಿಂದ ಹೊರಗೆ ಬಂದು ಎಡಕ್ಕೆ ತಿರುಗಬೇಕಿತ್ತು, ಮಾವಾ. ಔಷಧದ ಅಂಗಡಿ ದಾಟಿದಮೇಲೆ ಒಂದು ಹಿಟ್ಟಿನ ಗಿರಣಿ, ಅದರ ಪಕ್ಕದ ಓಣಿ. ಒಳಗೆ ಬಂದರೆ ನೀಲಿ ಗೇಟು. ಗಾಡಿ ರಿಪೇರಿ ಕಲಿಸುವ ಅಕ್ಕೋರ ಮನೆ ಯಾವುದೆಂದು ಗಿರಣಿಯವನನ್ನು ಕೇಳಿದ್ದರೆ ಅವನೇ ಎದ್ದು ಬಂದು ತೋರಿಸುತ್ತಿದ್ದ. ಎರಡೂ ಸಲ ಭಾನುವಾರವಂತೆ. ಭಾನುವಾರ ನಾನು ಎಲ್ಲಿಗೂ ಹೋಗುವುದಿಲ್ಲ.

ಸುಜಾತಾ